ಪ್ರತಿಕಾಯ ಕಡಿಮೆ ಇರುವ ಮಕ್ಕಳು: ಜೀವಕೋಶಗಳ ಭೇದವನ್ನು ಕುರಿತು

(ಶತಮಾನೋತ್ಸವದ ಪಾಲಕರ ಸಮಾವೇಶದಲ್ಲಿ ಶಾಲೆಯ ಇಬ್ಬರು ಹಳೆಯ ವಿದ್ಯಾರ್ಥಿಗಳು ಜೊತೆಯಾಗಿ ಸಿದ್ಧಪಡಿಸಿ ನೀಡಿದ ಉಪನ್ಯಾಸದ ಬರಹರೂಪ)



ನಿಮ್ಮ ವೃತ್ತಿಗೆ ಸಂಬಂಧಿಸಿದ ಒಂದು ವಿಷಯವನ್ನು ಪಾಲಕರಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಿರಿ ಎಂದು ಶತಮಾನೋತ್ಸವ ಸಮಿತಿಯವರು ಅಪ್ಪಣೆ ಕೊಟ್ಟಾಗ ನಾವಿಬ್ಬರೂ ಸಂತೋಷಪಟ್ಟೆವು, ಸ್ವಲ್ಪ ಅಂಜಿದೆವು ಕೂಡ. ಈ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಕಲಿತ ನಮ್ಮಲ್ಲಿ ಒಬ್ಬರು ಮಕ್ಕಳ ವೈದ್ಯರಾದರು, ಇನ್ನೊಬ್ಬರು ರಕ್ತಪರೀಕ್ಷೆಯ ಪ್ರಯೋಗಾಲಯ ಸೇರಿದರು. ನಮ್ಮ ವಿದ್ಯೆಯ ಮಾತುಕತೆ ಸಹೋದ್ಯೋಗಿಗಳೊಡನೆ ಇಂಗ್ಲಿಷಿನಲ್ಲಿ ನಡೆಯುತ್ತದೆ; ರೋಗಿಗಳ ಮನೆಯವರೊಡನೆ ಹೆಚ್ಚಾಗಿ ಮರಾಠಿಯಲ್ಲಿ. ಕನ್ನಡ ನಮಗೆ ಮನೆಯ ಮಾತು, ಈ ಶಾಲೆಯ ಮಾತು. ಒಂದು ರೋಗದ ವಿಚಾರವನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿಯೇ ಹೇಳುವ ಪ್ರಸಂಗ ನಮಗೆ ಇದೇ ಮೊದಲು. ಎಡವಿದಲ್ಲಿ ಹಿರಿಯರು ತಿದ್ದಬೇಕು.

ವಿಷಯವನ್ನು ಆರಿಸಿಕೊಳ್ಳುವಾಗ ನಮಗಿಬ್ಬರಿಗೂ ನೆನಪಾದವನು ನಮ್ಮ ತರಗತಿಯ ಒಬ್ಬ ಹುಡುಗ. ಹೆಸರು ಬೇಡ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಹಾಜರಿಗಿಂತ ಗೈರುಹಾಜರಿಯ ಗುರುತೇ ಹೆಚ್ಚಾಗಿತ್ತು. ಬಂದ ದಿನ ಒಂದಲ್ಲ ಒಂದು ಕಿವಿ ಸೋರುತ್ತಿತ್ತು. ವಾಸನೆಗೆ ಅಂಜಿ ನಾವು ಸರಿದು ಕೂಡುತ್ತಿದ್ದೆವು. ಚಳಿಗಾಲ ಬಂತೆಂದರೆ ಎದೆಗೆ ಕಫ ಕಟ್ಟಿ ವಾರಗಟ್ಟಲೆ ಮಲಗುತ್ತಿದ್ದ. ಓಣಿಯಲ್ಲಿ ಅವನ ತಾಯಿಯನ್ನು ಕುರಿತು ನೂರು ಮಾತು: ಎದೆಹಾಲು ಸಾಲಲಿಲ್ಲ, ಬಾಣಂತನದಲ್ಲಿ ಪಥ್ಯ ಮಾಡಲಿಲ್ಲ, ದೃಷ್ಟಿ ತೆಗೆಸಲಿಲ್ಲ. ನಾಲ್ಕನೆಯ ತರಗತಿಯ ನಡುವೆ ಕೆಂಪು ಮಸಿಯಲ್ಲಿ ಅವನ ಹೆಸರನ್ನು ಕಡಿಮೆ ಮಾಡಿದರು. ಅವನ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ಆದ್ದರಿಂದ ಅವನಿಗೆ ಇಂಥದೇ ರೋಗವಿತ್ತೆಂದು ನಾವು ಹೇಳಲಾರೆವು. ಆದರೆ ಪದೇಪದೇ ಕಿವಿ ಸೋರುವ, ಪದೇಪದೇ ನ್ಯುಮೋನಿಯಾ ಆಗುವ ಮಗು ಎದುರಿಗೆ ಬಂದಾಗಲೆಲ್ಲ ಆ ಹುಡುಗ ಬಂದು ಪಕ್ಕದಲ್ಲಿ ನಿಂತಂತಾಗುತ್ತದೆ. ಅಂಥ ಮಕ್ಕಳಲ್ಲಿ ಕೆಲವರ ರಕ್ತದಲ್ಲಿ ಪ್ರತಿಕಾಯಗಳು ಕಡಿಮೆ ಇರುತ್ತವೆ. ಯಾಕೆ ಕಡಿಮೆ ಎಂಬುದೇ ಇಂದಿನ ನಮ್ಮ ಪ್ರಶ್ನೆ.

ಪ್ರತಿಕಾಯವೆಂದರೆ ರೋಗಾಣುವನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನು. ಪ್ರಯೋಗಾಲಯದ ವರದಿಯಲ್ಲಿ ಇದು ಇಮ್ಯುನೊಗ್ಲಾಬ್ಯುಲಿನ್ ಎಂಬ ಹೆಸರಿನಿಂದ ಬರುತ್ತದೆ, ಸಂಕ್ಷೇಪವಾಗಿ ಐಜಿ. ಇದರಲ್ಲಿ ಮೂರು ಬಗೆಗಳು ಮುಖ್ಯ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಹುಟ್ಟುವುದು ಐಜಿಎಂ. ಅದರ ಹಿಂದೆ ಬಂದು ಬಹುಕಾಲ ರಕ್ತದಲ್ಲಿ ಉಳಿಯುವುದು ಐಜಿಜಿ. ಎಂಜಲು, ಕಣ್ಣೀರು, ತಾಯಿಯ ಹಾಲು, ಕರುಳಿನ ಒಳಪದರ ಇವುಗಳಲ್ಲಿ ಕಾವಲು ಕಾಯುವುದು ಐಜಿಎ.

ಹುಟ್ಟಿದ ಕೂಸು ತಾನಾಗಿ ಐಜಿಜಿಯನ್ನು ಹೆಚ್ಚು ತಯಾರಿಸಲಾರದು. ಆದರೂ ಅದರ ರಕ್ತದಲ್ಲಿ ಐಜಿಜಿ ತಾಯಿಯಷ್ಟೇ ಇರುತ್ತದೆ; ಏಕೆಂದರೆ ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿ ತನ್ನ ಪ್ರತಿಕಾಯಗಳನ್ನು ಮಾಸಿನ ಮೂಲಕ ಕೂಸಿಗೆ ಕಟ್ಟಿ ಕಳಿಸಿರುತ್ತಾಳೆ. ಇದನ್ನು ತವರಿನ ಬುತ್ತಿ ಎನ್ನಬಹುದು. ಐಜಿಜಿಯ ಪ್ರಮಾಣ ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಹೀಗಾಗಿ ಮೂರರಿಂದ ಆರು ತಿಂಗಳ ಹೊತ್ತಿಗೆ ಬುತ್ತಿ ತೀರುತ್ತ ಬಂದಿರುತ್ತದೆ, ಕೂಸಿನ ಸ್ವಂತ ಒಲೆ ಇನ್ನೂ ಚೆನ್ನಾಗಿ ಹೊತ್ತಿರುವುದಿಲ್ಲ. ಆ ವಯಸ್ಸಿನಲ್ಲಿ ಐಜಿಜಿ ತಗ್ಗುವುದು ಎಲ್ಲ ಮಕ್ಕಳಲ್ಲಿಯೂ ಸಹಜ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಬುತ್ತಿಯೇ ಅರೆಬರೆಯಾಗಿ ಸಿಕ್ಕಿರುವುದರಿಂದ ತಗ್ಗು ಇನ್ನೂ ಆಳ.

ಇಲ್ಲಿಯೇ ಮೊದಲ ಎಡವಟ್ಟು ಆಗುತ್ತದೆ. ಕೆಲವು ವರ್ಷಗಳ ಹಿಂದೆ ಏಳು ತಿಂಗಳ ಗಂಡುಕೂಸನ್ನು ಎತ್ತಿಕೊಂಡು ತಂದೆತಾಯಿ ನಮ್ಮಲ್ಲಿಗೆ ಬಂದರು. ಎರಡು ಸಲ ಕಿವಿ ಸೋರಿತ್ತು, ಒಂದು ಸಲ ಎದೆಯಲ್ಲಿ ಕಫ ಕಟ್ಟಿತ್ತು. ಕೈಯಲ್ಲಿ ಒಂದು ವರದಿ. ಅದರಲ್ಲಿ ಐಜಿಜಿ, ಐಜಿಎ, ಐಜಿಎಂ ಮೂರರ ಮುಂದೆಯೂ ‘ಕಡಿಮೆ’ ಎಂಬ ಗುರುತು. ಯಾರೋ ಅವರಿಗೆ, ಜೀವಮಾನವಿಡೀ ತಿಂಗಳಿಗೊಮ್ಮೆ ದುಬಾರಿ ಔಷಧ ಏರಿಸಬೇಕು ಎಂದು ಹೇಳಿಬಿಟ್ಟಿದ್ದರು. ಹೊಲ ಮಾರುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು. ನಾವು ವರದಿಯ ಬಲಬದಿಯ ಸಾಲನ್ನು ನೋಡಿದೆವು. ಅಲ್ಲಿ ಸಹಜ ಪ್ರಮಾಣವೆಂದು ಅಚ್ಚಾಗಿದ್ದುದು ದೊಡ್ಡವರ ಅಂಕಿ: ಐಜಿಜಿ ಪ್ರತಿ ಡೆಸಿಲೀಟರಿಗೆ ಸುಮಾರು 700ರಿಂದ 1600 ಮಿಲಿಗ್ರಾಂ. ಆರೇಳು ತಿಂಗಳ ಕೂಸಿನಲ್ಲಿ 400 ಇದ್ದರೂ ಅದು ಸಹಜವೇ. ಐಜಿಎಯಂತೂ ಆ ವಯಸ್ಸಿನಲ್ಲಿ ದೊಡ್ಡವರ ಅಳತೆಯ ಸಮೀಪಕ್ಕೂ ಬರುವುದಿಲ್ಲ. ವಯಸ್ಸಿಗೆ ತಕ್ಕ ಅಂಕಿಯ ಪಕ್ಕದಲ್ಲಿಟ್ಟು ನೋಡಿದಾಗ ಈ ಕೂಸಿನ ಐಜಿಎಂ ಸರಿಯಾಗಿತ್ತು, ಐಜಿಎಯಲ್ಲಿ ಹೇಳುವಂಥ ದೋಷವಿರಲಿಲ್ಲ. ಐಜಿಜಿ ಮಾತ್ರ ವಯಸ್ಸಿನ ಲೆಕ್ಕಕ್ಕೂ ನಿಜವಾಗಿ ಕಡಿಮೆಯಿತ್ತು. ಭಯದ ಮೂರರಲ್ಲಿ ಎರಡು ಪಾಲು ಅಚ್ಚಿನ ತಪ್ಪು; ಒಂದು ಪಾಲು ಉಳಿಯಿತು. ಆ ಒಂದು ಪಾಲಿಗೆ ಉತ್ತರ ಹುಡುಕಬೇಕಾದರೆ ಪ್ರತಿಕಾಯವನ್ನು ಅಳೆದರೆ ಸಾಲದು, ಅದನ್ನು ತಯಾರಿಸುವ ಕೋಶಗಳನ್ನು ನೋಡಬೇಕು. ಈ ಕೂಸಿನ ಕಥೆಗೆ ಆಮೇಲೆ ಬರುತ್ತೇವೆ.

ಈ ರೋಗಗಳ ಅರಿವು ಒಬ್ಬ ಹುಡುಗನಿಂದ ಆರಂಭವಾಯಿತು. ಅಮೆರಿಕದ ವಾಷಿಂಗ್ಟನ್ನಿನಲ್ಲಿರುವ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಆಗ್ಡೆನ್ ಬ್ರೂಟನ್ ಎಂಬ ಮಕ್ಕಳ ವೈದ್ಯರಿದ್ದರು. ಅವರ ಕೈಕೆಳಗೆ ಎಂಟು ವರ್ಷದ ಒಬ್ಬ ಹುಡುಗ. ಸುಮಾರು ನಾಲ್ಕು ವರ್ಷಗಳಲ್ಲಿ 19 ಸಲ ಅವನ ರಕ್ತಕ್ಕೆ ನಂಜು ಏರಿತ್ತು. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಎಂಬ ರೋಗಾಣು ಅವನ ರಕ್ತದಲ್ಲಿ ಮತ್ತೆ ಮತ್ತೆ ಸಿಕ್ಕಿತ್ತು. ಅದೇ ರೋಗಾಣುವಿನಿಂದ ಮಾಡಿದ ಲಸಿಕೆ ಕೊಟ್ಟರೂ ಅವನ ಮೈ ಪ್ರತಿಕಾಯ ಹುಟ್ಟಿಸಲಿಲ್ಲ. ಸ್ವೀಡನ್ನಿನ ಟಿಸೇಲಿಯಸ್ ಕಂಡುಹಿಡಿದ, ವಿದ್ಯುತ್ತಿನ ಬಲದಿಂದ ರಕ್ತದ ಪ್ರೋಟೀನುಗಳನ್ನು ಬೇರೆಬೇರೆ ಮಾಡಿ ತೋರಿಸುವ ವಿಧಾನ ಆಗ ಆಸ್ಪತ್ರೆಗಳಿಗೆ ಹೊಸದು. ಬ್ರೂಟನ್ ಆ ವಿಧಾನದಿಂದ ಹುಡುಗನ ರಕ್ತವನ್ನು ಪರೀಕ್ಷಿಸಿದಾಗ ಗಾಮಾ ಗ್ಲಾಬ್ಯುಲಿನ್ ಎಂಬ ಭಾಗ, ಅಂದರೆ ಪ್ರತಿಕಾಯಗಳಿರುವ ಭಾಗ, ಕಾಣಿಸಲೇ ಇಲ್ಲ. ಇತರರ ರಕ್ತದಿಂದ ತೆಗೆದ ಗಾಮಾ ಗ್ಲಾಬ್ಯುಲಿನ್ನನ್ನು ತಿಂಗಳಿಗೊಮ್ಮೆ ಚರ್ಮದ ಅಡಿಗೆ ಚುಚ್ಚತೊಡಗಿದರು. ಮತ್ತೆ ಒಂದು ವರ್ಷಕ್ಕೂ ಮೇಲ್ಪಟ್ಟು ಹುಡುಗನ ರಕ್ತಕ್ಕೆ ನಂಜು ಏರಲಿಲ್ಲ. 1952ರಲ್ಲಿ ಈ ಸಂಗತಿ ಪ್ರಕಟವಾಯಿತು.

ಗಮನಿಸಿರಿ, ಬ್ರೂಟನ್ನರು ನೋಡಿದ್ದು ಪ್ರತಿಕಾಯದ ಕೊರತೆಯನ್ನು ಮಾತ್ರ. ಪ್ರತಿಕಾಯವನ್ನು ಯಾರು ತಯಾರಿಸುತ್ತಾರೆ, ಎಲ್ಲಿ ಕೆಲಸ ನಿಂತಿದೆ ಎಂಬುದು ಅಂದು ಸ್ಪಷ್ಟವಿರಲಿಲ್ಲ. ಸೊಲ್ಲಾಪುರದ ಪೇಟೆಗೆ ಚಾದರ ಬರಲಿಲ್ಲ ಎಂದು ಗೊತ್ತಾದಂತೆ ಅದು. ಮಗ್ಗವೇ ಇಲ್ಲವೋ, ಮಗ್ಗವಿದ್ದು ಯಜಮಾನನ ಅಪ್ಪಣೆ ಬಂದಿಲ್ಲವೋ, ಹೊಸ ಮಗ್ಗ ಹೂಡಿ ಇನ್ನೂ ನೇಯ್ಗೆ ಕುದುರಿಲ್ಲವೋ? ಪೇಟೆಯಲ್ಲಿ ನಿಂತವನಿಗೆ ಮೂರೂ ಒಂದೇ. ನೇಕಾರನ ಓಣಿಗೆ ಹೋಗಿ ನೋಡಿದವನಿಗೆ ಮಾತ್ರ ಭೇದ ಕಂಡೀತು.

ಆ ಓಣಿಯ ದಾರಿ ತೋರಿಸಿದ್ದು ಕೋಳಿ. ನಮ್ಮ ಗುರುಗಳಿಗೆ ಈ ಕಥೆ ಇಷ್ಟವಾದೀತು, ಏಕೆಂದರೆ ಇದು ತರಗತಿಯಲ್ಲಿ ಕೆಟ್ಟುಹೋದ ಒಂದು ಪ್ರಯೋಗದ ಕಥೆ. ಕೋಳಿಯ ಗುದದ್ವಾರದ ಹತ್ತಿರ ಒಂದು ಸಣ್ಣ ಚೀಲವಿದೆ. ಇಟಲಿಯ ಪಾದುವಾದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಫ್ಯಾಬ್ರಿಷಿಯಸ್ ಅದನ್ನು ವರ್ಣಿಸಿದ್ದರಿಂದ ಅದಕ್ಕೆ ಫ್ಯಾಬ್ರಿಷಿಯಸ್‌ನ ಬರ್ಸಾ ಎಂದು ಹೆಸರು. ಸುಮಾರು ಮುನ್ನೂರು ವರ್ಷ ಅದರ ಉಪಯೋಗ ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಎಳೆಯ ಕೋಳಿಮರಿಗಳಿಂದ ಆ ಚೀಲವನ್ನು ಕತ್ತರಿಸಿ ತೆಗೆದು ಏನಾಗುವುದೋ ಎಂದು ನೋಡುತ್ತಿದ್ದ. ಏನೂ ಆಗಲಿಲ್ಲ, ಕೋಳಿಗಳು ಬೆಳೆದವು. ಅವನ ಗೆಳೆಯ ತಿಮೋತಿ ಚಾಂಗನಿಗೆ ತರಗತಿಯಲ್ಲಿ ಕೋಳಿಗೆ ಸಾಲ್ಮೊನೆಲ್ಲಾ ರೋಗಾಣುವನ್ನು ಚುಚ್ಚಿ ಪ್ರತಿಕಾಯ ಹುಟ್ಟುವುದನ್ನು ತೋರಿಸಬೇಕಾಗಿತ್ತು. ಗ್ಲಿಕ್‌ನ ಕೋಳಿಗಳನ್ನು ಕಡ ತಂದ. ಪ್ರಯೋಗ ಕೆಟ್ಟಿತು, ಹಲವು ಕೋಳಿಗಳಲ್ಲಿ ಪ್ರತಿಕಾಯ ಹುಟ್ಟಲಿಲ್ಲ. ಬೇರೆಯವರಾಗಿದ್ದರೆ ಔಷಧ ಹಳೆಯದು ಎಂದು ಬಿಟ್ಟುಬಿಡುತ್ತಿದ್ದರು. ಇವರು ಕೋಳಿಗಳ ಗುರುತು ನೋಡಿದರು. ಪ್ರತಿಕಾಯ ಹುಟ್ಟದವುಗಳೆಲ್ಲ ಬರ್ಸಾ ಕಳೆದುಕೊಂಡವು. 1956ರಲ್ಲಿ ಕೋಳಿಸಾಕಣೆಯ ವಿಜ್ಞಾನಪತ್ರಿಕೆಯೊಂದರಲ್ಲಿ ಇದು ಅಚ್ಚಾಯಿತು. ಕೋಳಿಯ ಪತ್ರಿಕೆಯನ್ನು ಮಕ್ಕಳ ವೈದ್ಯರು ಯಾಕೆ ಓದುತ್ತಾರೆ? ಅದರ ಬೆಲೆ ತಿಳಿಯಲು ವರ್ಷಗಳೇ ಬೇಕಾದವು.

1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಎಳೆಯ ಇಲಿಗಳ ಎದೆಯೊಳಗಿನ ಥೈಮಸ್ ಗ್ರಂಥಿಯನ್ನು ತೆಗೆದು, ಅದೂ ರೋಗನಿರೋಧಕ ಶಕ್ತಿಗೆ ಬೇಕಾದುದೆಂದು ತೋರಿಸಿದರು. 1965ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ಮ್ಯಾಕ್ಸ್ ಕೂಪರ್, ರಾಬರ್ಟ್ ಗುಡ್ ಮೊದಲಾದವರು ಎರಡೂ ಎಳೆಗಳನ್ನು ಕೂಡಿಸಿದರು: ನಮ್ಮ ಬಿಳಿಯ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಜಾತಿಯವು ಎರಡು ಬಗೆ. ಥೈಮಸ್ಸಿನಲ್ಲಿ ಬಲಿಯುವವು ಟಿ ಕೋಶಗಳು. ಕೋಳಿಯಲ್ಲಿ ಬರ್ಸಾದಲ್ಲಿ ಬಲಿಯುವವು ಬಿ ಕೋಶಗಳು. ಆ ಅಕ್ಷರ ಬರ್ಸಾದಿಂದಲೇ ಬಂದದ್ದು. ಮನುಷ್ಯರಿಗೆ ಬರ್ಸಾ ಇಲ್ಲ. ನಮ್ಮ ಬಿ ಕೋಶಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಪ್ರತಿಕಾಯಗಳನ್ನು ನೇಯುವವರು ಈ ಬಿ ಕೋಶಗಳ ಸಂತತಿಯವರು.

ಈಗ ಪ್ರತಿಕಾಯ ಕಡಿಮೆ ಇರುವ ಮೂರು ಮಕ್ಕಳನ್ನು ಕಲ್ಪಿಸಿಕೊಳ್ಳಿರಿ. ಮೂವರ ಐಜಿಜಿಯೂ ಒಂದೇ ರೀತಿಯಾಗಿ ತಗ್ಗಿದೆ.

ಮೊದಲನೆಯವನು ಬ್ರೂಟನ್ನರ ಹುಡುಗನಂಥವನು. ಇವನ ರಕ್ತದಲ್ಲಿ ಬಿ ಕೋಶಗಳೇ ಇಲ್ಲ. ಇದ್ದರೂ ಲಿಂಫೋಸೈಟುಗಳಲ್ಲಿ ನೂರಕ್ಕೆ ಎರಡಕ್ಕಿಂತ ಕಡಿಮೆ. ಮಜ್ಜೆಯಲ್ಲಿ ಅವುಗಳ ಬೆಳವಣಿಗೆ ಅರ್ಧದಲ್ಲಿಯೇ ನಿಂತುಬಿಡುತ್ತದೆ. ಟಿ ಕೋಶಗಳು ಮಾತ್ರ ಸಾಕಷ್ಟಿರುತ್ತವೆ. ಆದ್ದರಿಂದ ಇಂಥ ಹುಡುಗರು ಹಲವು ವೈರಾಣು ರೋಗಗಳನ್ನು ಇತರ ಮಕ್ಕಳಂತೆ ದಾಟಿಬಿಡುತ್ತಾರೆ, ಆದರೆ ಕೀವು ಹಿಡಿಸುವ ರೋಗಾಣುಗಳ ಎದುರಿಗೆ ಸೋಲುತ್ತಾರೆ. ಗಂಟಲಿನ ಗಲಗ್ರಂಥಿಗಳು ಬಿ ಕೋಶಗಳಿಂದಲೇ ತುಂಬಿಕೊಳ್ಳುವಂಥವು. ಇವರ ಬಾಯಿ ತೆರೆದು ನೋಡಿದರೆ ಅವು ಕಾಣುವುದೇ ಇಲ್ಲ. ಕಡುಬಡ ದವಾಖಾನೆಯಲ್ಲಿಯೂ ಒಂದು ಟಾರ್ಚು ಇದ್ದರೆ ಸಾಕು, ಈ ಸುಳಿವು ಸಿಗುತ್ತದೆ. ದೋಷವಿರುವುದು ಎಕ್ಸ್ ವರ್ಣತಂತುವಿನ ಮೇಲಿರುವ ಬಿಟಿಕೆ ಎಂಬ ವಂಶವಾಹಿಯಲ್ಲಿ. ಅದನ್ನು ಗುರುತಿಸಿದ್ದು 1993ರಲ್ಲಿ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಅವಳು ಆರೋಗ್ಯವಾಗಿಯೇ ಇರುತ್ತಾಳೆ, ಗಂಡುಮಗನಿಗೆ ಇರುವುದು ಒಂದೇ. ಕೆಲವೊಮ್ಮೆ ತಾಯಿಯಲ್ಲಿ ದೋಷವೇ ಇಲ್ಲದೆ ಮಗನಲ್ಲಿ ಹೊಸದಾಗಿ ಹುಟ್ಟುವುದೂ ಉಂಟು. ಎದೆಹಾಲಿಗೂ ಪಥ್ಯಕ್ಕೂ ದೃಷ್ಟಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆ ಓಣಿಯ ಮಾತುಗಳನ್ನು ಕೇಳಿಸಿಕೊಂಡು ಸುಮ್ಮನಿದ್ದ ತಾಯಿಯನ್ನು ನಾವು ಕಂಡಿದ್ದೇವೆ. ಅದಕ್ಕಾಗಿ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದೇವೆ.

ಎರಡನೆಯ ಮಗುವಿನಲ್ಲಿ ಬಿ ಕೋಶಗಳ ಸಂಖ್ಯೆಗೆ ಕೊರತೆಯಿಲ್ಲ. ಐಜಿಎಂ ಸಹಜವಾಗಿದೆ, ಒಮ್ಮೊಮ್ಮೆ ಹೆಚ್ಚೇ ಇದೆ. ಐಜಿಜಿ, ಐಜಿಎ ಮಾತ್ರ ಇಲ್ಲ. ಬಿ ಕೋಶ ಮೊದಲು ಐಜಿಎಂ ನೇಯುತ್ತದೆ. ಅನಂತರ ಟಿ ಕೋಶದಿಂದ ಸೂಚನೆ ಬಂದಾಗ ಐಜಿಜಿಗೋ ಐಜಿಎಗೋ ಬದಲಾಗುತ್ತದೆ. ಆ ಸೂಚನೆ ಕೊಡಲು ಟಿ ಕೋಶದ ಮೈಮೇಲೆ ಸಿಡಿ40 ಲೈಗ್ಯಾಂಡ್ ಎಂಬ ಪ್ರೋಟೀನು ಇರಬೇಕು. ಈ ಮಗುವಿನಲ್ಲಿ ಅದು ಕೆಟ್ಟಿದೆ. ದೋಷ ಟಿ ಕೋಶದ್ದು, ಕೊರತೆ ಕಾಣುವುದು ಪ್ರತಿಕಾಯದಲ್ಲಿ. ಇದನ್ನು ಮೊದಲನೆಯ ರೋಗವೆಂದೇ ತಿಳಿದು ನಡೆದರೆ ಅಪಾಯವಿದೆ, ಏಕೆಂದರೆ ಟಿ ಕೋಶ ಕಾಯಬೇಕಾದ ಬೇರೆ ಸೋಂಕುಗಳು, ಮುಖ್ಯವಾಗಿ ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ, ಈ ಮಗುವಿನ ಮೇಲೆ ಎರಗುತ್ತವೆ. ಇಂಥ ಮಕ್ಕಳಿಗೆ ಮಜ್ಜೆಯ ಕಸಿಯ ವಿಚಾರ ಮಾಡಬೇಕಾಗುತ್ತದೆ.

ಮೂರನೆಯ ಮಗುವಿನಲ್ಲಿ ಬಿ ಕೋಶಗಳಿವೆ, ಟಿ ಕೋಶಗಳಿವೆ, ಲಸಿಕೆ ಕೊಟ್ಟರೆ ಪ್ರತಿಕಾಯವೂ ಹುಟ್ಟುತ್ತದೆ. ಐಜಿಜಿಯ ಒಟ್ಟು ಪ್ರಮಾಣ ಮಾತ್ರ ತಡವಾಗಿ ಏರುತ್ತಿದೆ. 1956ರಲ್ಲಿ ಬಾಸ್ಟನ್ನಿನ ಗಿಟ್ಲಿನ್ ಮತ್ತು ಜೇನ್‌ವೇ ಎಂಬ ವೈದ್ಯರು ಗುರುತಿಸಿದ ಈ ಸ್ಥಿತಿಯನ್ನು ಶಿಶುಗಳ ತಾತ್ಕಾಲಿಕ ಪ್ರತಿಕಾಯ ಕೊರತೆ ಎನ್ನಬಹುದು. ಹೆಚ್ಚಿನವರಲ್ಲಿ ಎರಡು ಮೂರು ವರ್ಷದೊಳಗೆ, ಕೆಲವರಲ್ಲಿ ಇನ್ನೂ ಸ್ವಲ್ಪ ತಡವಾಗಿ, ಅದು ತಾನೇ ಸರಿಹೋಗುತ್ತದೆ. ಸರಿಹೋದ ಮೇಲೆಯೇ ಅದು ತಾತ್ಕಾಲಿಕವಾಗಿತ್ತೆಂದು ಖಚಿತವಾಗಿ ಹೇಳಲು ಸಾಧ್ಯ. ವೈದ್ಯನಿಗೂ ಪಾಲಕರಿಗೂ ಇದು ಕಷ್ಟದ ಪಾಠ.

ಮೊದಲನೆಯ ಮಗುವಿಗೆ ತಡ ಮಾಡಿದರೆ ಪುಪ್ಪುಸ ಶಾಶ್ವತವಾಗಿ ಕೆಡುತ್ತದೆ. ಮೂರನೆಯ ಮಗುವಿಗೆ ಅವಸರ ಮಾಡಿದರೆ ಬೇಡದ ಔಷಧ, ಬೇಡದ ಸಾಲ. ಇಬ್ಬರ ವರದಿಯಲ್ಲಿಯೂ ಮೊದಲು ಕಾಣುವುದು ಒಂದೇ ಅಂಕಿ.

ಕೋಶಗಳನ್ನು ಎಣಿಸುವ ಬಗೆಯನ್ನು ಪ್ರಯೋಗಾಲಯದ ನಮ್ಮ ಪಾಲಿನಿಂದ ಸ್ವಲ್ಪ ಹೇಳಬೇಕು. ಪ್ರತಿಯೊಂದು ಕೋಶದ ಮೈಮೇಲೂ ಅದರ ಜಾತಿಯ ಗುರುತಾದ ಪ್ರೋಟೀನುಗಳಿರುತ್ತವೆ: ಟಿ ಕೋಶಕ್ಕೆ ಸಿಡಿ3, ಬಿ ಕೋಶಕ್ಕೆ ಸಿಡಿ19. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ರಕ್ತಕ್ಕೆ ಸೇರಿಸಿದರೆ ಅವು ತಂತಮ್ಮ ಗುರುತನ್ನು ಹುಡುಕಿ ಅಂಟಿಕೊಳ್ಳುತ್ತವೆ. ಅನಂತರ ಕೋಶಗಳನ್ನು ಒಂದರ ಹಿಂದೊಂದರಂತೆ ಲೇಸರ್ ಬೆಳಕಿನ ಮುಂದೆ ಹರಿಸುತ್ತೇವೆ. ಒಂದು ಸೆಕೆಂಡಿಗೆ ಸಾವಿರಾರು ಕೋಶಗಳ ಬಣ್ಣವನ್ನು ಯಂತ್ರ ಓದಿಬಿಡುತ್ತದೆ. ಇದಕ್ಕೆ ಫ್ಲೋ ಸೈಟೋಮೆಟ್ರಿ ಎಂದು ಹೆಸರು. ಮಗುವಿನಿಂದ ಬೇಕಾದದ್ದು ಎರಡು ಮೂರು ಮಿಲಿಲೀಟರ್ ರಕ್ತ.

ಇಲ್ಲಿಯೂ ವಯಸ್ಸಿನ ಅಳತೆ ಬೇಕೇ ಬೇಕು. ಕೂಸಿನ ರಕ್ತದಲ್ಲಿ ಲಿಂಫೋಸೈಟುಗಳು ದೊಡ್ಡವರಿಗಿಂತ ಬಹಳ ಹೆಚ್ಚು. ದೊಡ್ಡವರಲ್ಲಿ ಸಹಜವೆನಿಸುವ ಸಂಖ್ಯೆ ಕೂಸಿನಲ್ಲಿ ಅಪಾಯದ ಸೂಚನೆಯಾಗಬಹುದು.

ಎಣಿಕೆ ಸರಿಯಿದ್ದರೂ ಒಳಗಿನ ಭೇದ ಉಳಿದಿರುತ್ತದೆ. ಒಮ್ಮೆ ರೋಗಾಣುವನ್ನು ಕಂಡು ಪಾಠ ಕಲಿತ ಬಿ ಕೋಶ, ಸ್ಮೃತಿಕೋಶವಾಗಿ ಉಳಿಯುತ್ತದೆ. ಅದರ ಗುರುತು ಸಿಡಿ27. ಹುಟ್ಟಿದ ಕೂಸಿನಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ಅದಿನ್ನೂ ಯಾವ ಪಾಠವನ್ನೂ ಕಲಿತಿಲ್ಲ. ವರ್ಷ ಕಳೆದಂತೆ ಹೆಚ್ಚುತ್ತವೆ. ಈ ಸ್ಮೃತಿಕೋಶಗಳಲ್ಲಿಯೂ ಐಜಿಎಂನಿಂದ ಐಜಿಜಿಗೋ ಐಜಿಎಗೋ ಬದಲಾದ ಕೋಶಗಳ ಪಾಲು ಎಷ್ಟು ಎಂಬುದನ್ನು ವಿಶೇಷವಾಗಿ ನೋಡುತ್ತೇವೆ. ಪ್ರತಿಕಾಯ ತಗ್ಗಿದ ಮಕ್ಕಳನ್ನು ಹಿಂಬಾಲಿಸಿ ನೋಡಿದಾಗ, ತಾವಾಗಿ ಸುಧಾರಿಸುವವರಲ್ಲಿ ಈ ಪಾಲು ತುಂಬಿಕೊಳ್ಳುತ್ತ ಹೋಗುವುದೂ, ಕೊರತೆ ಉಳಿದುಬಿಡುವವರಲ್ಲಿ ಅದು ಬಡವಾಗಿಯೇ ಇರುವುದೂ ಕಂಡಿದೆ. ದೊಡ್ಡ ಮಕ್ಕಳಲ್ಲಿಯೂ ಪ್ರಾಯದವರಲ್ಲಿಯೂ ಬರುವ ಇನ್ನೊಂದು ಬಗೆಯ ದೀರ್ಘ ಕೊರತೆಯನ್ನು ವಿಂಗಡಿಸಲು ಯುರೋಪಿನ ವೈದ್ಯರು 2008ರಲ್ಲಿ ಇದೇ ಪಾಲನ್ನು ಬಳಸಿದರು: ಬದಲಾದ ಸ್ಮೃತಿಕೋಶಗಳು ಒಟ್ಟು ಬಿ ಕೋಶಗಳಲ್ಲಿ ನೂರಕ್ಕೆ ಎರಡನ್ನು ಮೀರಿವೆಯೋ ಇಲ್ಲವೋ ಎಂಬುದು ಅವರ ಒಂದು ಗೆರೆ. ಆದರೆ ಒಂದು ವರ್ಷದ ಕೂಸಿನಲ್ಲಿ ಈ ಪಾಲು ಕಡಿಮೆಯಿದೆಯೆಂದು ಗಾಬರಿಯಾಗುವುದು, ಬಾಲವಾಡಿಯ ಮಗುವಿಗೆ ಮಗ್ಗಿ ಬರುವುದಿಲ್ಲವೆಂದು ಗಾಬರಿಯಾದಂತೆ. ಕಾಯಬೇಕು, ಕೆಲವು ತಿಂಗಳು ಬಿಟ್ಟು ಮತ್ತೆ ನೋಡಬೇಕು. ಒಂದೇ ವರದಿಯಿಂದ ತೀರ್ಪು ಕೊಡುವ ಪದ್ಧತಿ ನಮಗೆ ಸರಿ ಕಾಣುವುದಿಲ್ಲ.

ನಮ್ಮ ಭಾಗದವರಿಗೆ ಒಂದು ಅಡಚಣೆಯಿದೆ. ಪ್ರತಿಕಾಯ ಅಳೆಯಲು ರಕ್ತದ ತಿಳಿಯನ್ನು ಥಂಡಿಯಲ್ಲಿಟ್ಟು ನಿಧಾನವಾಗಿ ಕಳಿಸಿದರೂ ನಡೆಯುತ್ತದೆ. ಕೋಶಗಳನ್ನು ನೋಡಬೇಕಾದರೆ ಅವು ಜೀವಂತವಾಗಿರಬೇಕು. ಒಂದೆರಡು ದಿನದೊಳಗೆ, ಫ್ರಿಜ್ಜಿನಲ್ಲಿ ಇಡದೆ, ಪ್ರಯೋಗಾಲಯ ಮುಟ್ಟಬೇಕು. ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಂಸ್ಥೆಯೊಂದು ಇದೇ ಜಾತಿಯ ರೋಗಗಳ ಪರೀಕ್ಷೆ ನಡೆಸುತ್ತದೆ. ಸೊಲ್ಲಾಪುರದಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮುಂಬಯಿ. ಸಾಧ್ಯವಿದ್ದವರು ರಕ್ತವನ್ನು ಕಳಿಸುವುದಕ್ಕಿಂತ ಮಗುವನ್ನೇ ಕರೆದುಕೊಂಡು ಹೋಗುವುದು ಲೇಸು.

ಚಿಕಿತ್ಸೆಯ ಮಾತು. ನಿಜವಾದ ಕೊರತೆಯಿದ್ದ ಮಗುವಿಗೆ ಇತರರ ಪ್ರತಿಕಾಯಗಳನ್ನು ಮೂರು ನಾಲ್ಕು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಏರಿಸುತ್ತಾರೆ. ಸಾಮಾನ್ಯ ಪ್ರಮಾಣ ಕಿಲೋ ತೂಕಕ್ಕೆ 400ರಿಂದ 600 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ ಪ್ರತಿ ಸಲ 8ರಿಂದ 12 ಗ್ರಾಂ. ಮಗು ಬೆಳೆದಂತೆ ಪ್ರಮಾಣವೂ ಖರ್ಚೂ ಬೆಳೆಯುತ್ತವೆ. ಸಾವಿರಾರು ದಾನಿಗಳ ಪ್ಲಾಸ್ಮಾ ಕೂಡಿಸಿದಾಗ ಆಗುವ ಔಷಧವಿದು, ಅಗ್ಗವಾಗುವುದು ಕಷ್ಟ. ಕೇಂದ್ರ ಸರ್ಕಾರದ 2021ರ ವಿರಳ ರೋಗಗಳ ನೀತಿಯಲ್ಲಿ ಬ್ರೂಟನ್ನರ ರೋಗದಂಥ ಜನ್ಮಜಾತ ಕೊರತೆಗಳಿಗೆ ಈ ಚಿಕಿತ್ಸೆಯ ಹೆಸರಿದೆ. 2022ರಲ್ಲಿ ನೆರವಿನ ಮಿತಿಯನ್ನು ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಿದರು. ನೆರವು ಸಿಗುವುದು ನೀತಿಯಲ್ಲಿ ಹೆಸರಿಸಿದ ಕೇಂದ್ರಗಳ ಮೂಲಕ. ಮುಂಬಯಿಯ ಕೆಇಎಂ ಅವುಗಳಲ್ಲೊಂದು, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಸೇರಿದೆ. ಹೊಲದ ಉತಾರವನ್ನು ಹಿಡಿದು ಸಾಹುಕಾರನ ಬಾಗಿಲಿಗೆ ಹೋಗುವ ಮೊದಲು ಅಲ್ಲಿ ವಿಚಾರಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. ಈ ಔಷಧ ಏರಿಸಿದ ಮೇಲೆ ಪ್ರತಿಕಾಯ ಅಳೆದರೆ ಸಿಗುವುದು ದಾನಿಗಳ ಲೆಕ್ಕ, ಮಗುವಿನದಲ್ಲ. ಆದ್ದರಿಂದ ಪರೀಕ್ಷೆಯ ರಕ್ತವನ್ನು ಔಷಧಕ್ಕೆ ಮೊದಲೇ ತೆಗೆದಿಡಿರಿ ಎಂದು ಪಾಲಕರು ಕೇಳಬಹುದು. ಹಾಗೆಂದು ಮಗು ಗಂಡಾಂತರದಲ್ಲಿರುವಾಗ ಚಿಕಿತ್ಸೆಯನ್ನು ನಿಲ್ಲಿಸಿ ಕೂಡುವುದಲ್ಲ.

ಎಲ್ಲ ತಗ್ಗೂ ಹುಟ್ಟಿನಿಂದ ಬಂದದ್ದಲ್ಲ. ಮೂತ್ರಪಿಂಡದ ರೋಗದಲ್ಲಿ ಪ್ರತಿಕಾಯಗಳು ಮೂತ್ರದಲ್ಲಿ ಸೋರಿಹೋಗಬಹುದು, ಕರುಳಿನ ರೋಗದಲ್ಲಿ ಮಲದಲ್ಲಿ. ಫಿಟ್ಸಿನ ಕೆಲವು ಮಾತ್ರೆಗಳಿಂದಲೂ ಇಳಿಯಬಹುದು. ಊಟ ಸಾಲದ್ದಕ್ಕೆ ಹೀಗಾಯಿತು ಎಂಬ ಮಾತನ್ನಂತೂ ನಾವು ದಿನವೂ ಕೇಳುತ್ತೇವೆ. ಅಪೌಷ್ಟಿಕತೆಯಲ್ಲಿ ಥೈಮಸ್ ಕುಗ್ಗಿ ಟಿ ಕೋಶಗಳು ಸೊರಗುವುದು ನಿಜ. ಆದರೆ ಅಂಥ ಮಕ್ಕಳಲ್ಲಿ ಪ್ರತಿಕಾಯದ ಪ್ರಮಾಣ ಸಾಮಾನ್ಯವಾಗಿ ಸರಿಯಾಗಿಯೇ, ಕೆಲವೊಮ್ಮೆ ಹೆಚ್ಚಾಗಿಯೇ ಇರುತ್ತದೆ. ಬಡವರ ಮಗುವಿನ ಐಜಿಜಿ ತಗ್ಗಿದ್ದರೆ ಬಡತನವನ್ನೇ ಕಾರಣ ಮಾಡಿ ಮನೆಗೆ ಕಳಿಸಬಾರದು.

ಗುರುಗಳಲ್ಲಿ ನಮ್ಮ ಬಿನ್ನಹ. ಮಗುವಿನ ಕಾಯಿಲೆಯ ತಿಂಗಳುಗಟ್ಟಲೆಯ ದಾಖಲೆ ವೈದ್ಯರ ಹತ್ತಿರ ಇರುವುದಿಲ್ಲ. ಒಂದು ಸಲ ಒಬ್ಬರಿಗೆ ತೋರಿಸುತ್ತಾರೆ, ಇನ್ನೊಂದು ಸಲ ಇನ್ನೊಬ್ಬರಿಗೆ. ಆ ದಾಖಲೆ ಇರುವುದು ನಿಮ್ಮ ಹಾಜರಿ ಪುಸ್ತಕದಲ್ಲಿ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ದೊಡ್ಡ ಮಾತಲ್ಲ. ಆದರೆ ವರ್ಷದಲ್ಲಿ ನಾಲ್ಕು ಸಲ ಕಿವಿಯ ಸೋಂಕು, ಎರಡು ಸಲ ನ್ಯುಮೋನಿಯಾ, ಎರಡು ತಿಂಗಳು ಔಷಧ ಕುಡಿದರೂ ಇಳಿಯದ ಸೋಂಕು, ಏರದ ತೂಕ, ಮನೆಯಲ್ಲಿ ಹಿಂದೆ ಎಳೆಯ ಗಂಡುಮಕ್ಕಳು ತೀರಿಕೊಂಡ ಸುದ್ದಿ, ಇವುಗಳಲ್ಲಿ ಯಾವುದು ಕಂಡರೂ ಮಾಸ್ತರರೋ ಅಕ್ಕೋರೋ ಪಾಲಕರನ್ನು ಕರೆಸಿ, ಹಾಜರಿಯ ಒಂದು ಪ್ರತಿಯನ್ನು ಕೈಗೆ ಕೊಟ್ಟು, ಮಕ್ಕಳ ವೈದ್ಯರ ಹತ್ತಿರ ಕಳಿಸಬೇಕು.

ಲಸಿಕೆಯ ವಿಚಾರದಲ್ಲಿ ತಪ್ಪು ತಿಳಿಯಬಾರದು. ಆರೋಗ್ಯವಂತ ಮಕ್ಕಳಿಗೆ ಯಾವ ಲಸಿಕೆಯನ್ನೂ ತಪ್ಪಿಸಬೇಡಿರಿ. ತರಗತಿಯ ಉಳಿದ ಮಕ್ಕಳು ಲಸಿಕೆ ಪಡೆದಿರುವುದೇ ಪ್ರತಿಕಾಯ ಇಲ್ಲದ ಮಗುವಿಗೆ ದೊಡ್ಡ ಆಸರೆ. ಕೊರತೆ ಇದೆಯೆಂದು ವೈದ್ಯರು ಹೇಳಿದ ಮಗುವಿಗೆ ಮಾತ್ರ ಬಾಯಿಗೆ ಹಾಕುವ ಪೋಲಿಯೊ ಹನಿಯಂಥ ಜೀವಂತ ಲಸಿಕೆಯನ್ನು ಕೇಳದೆ ಕೊಡಿಸಬಾರದು, ಏಕೆಂದರೆ ಅಂಥ ಮಗುವಿನ ಕರುಳಿನಲ್ಲಿ ಲಸಿಕೆಯ ವೈರಾಣು ಬಹುಕಾಲ ಉಳಿಯಬಹುದು. ಆ ಮನೆಯ ತಮ್ಮ ತಂಗಿಯರಿಗೂ ಕೇಳಿಯೇ ಹಾಕಿಸಬೇಕು. ಚುಚ್ಚುಮದ್ದಿನ ಪೋಲಿಯೊ ಲಸಿಕೆ ಜೀವಂತವಲ್ಲ. ಅದರಿಂದ ಈ ಅಪಾಯವಿಲ್ಲ.

ಏಳು ತಿಂಗಳ ಕೂಸಿನ ಕಥೆ ಉಳಿದಿದೆ. ಅದರ ಬಿ ಕೋಶಗಳು ವಯಸ್ಸಿಗೆ ತಕ್ಕಷ್ಟಿದ್ದವು, ಟಿ ಕೋಶಗಳೂ ಇದ್ದವು. ಗಲಗ್ರಂಥಿ ಸಣ್ಣದಾಗಿ ಕಾಣುತ್ತಿತ್ತು. ಧನುರ್ವಾತದ ಲಸಿಕೆಗೆ ಎದುರಾಗಿ ಅದರ ಮೈ ಪ್ರತಿಕಾಯ ಹುಟ್ಟಿಸಿತ್ತು. ನಾವು ತಂದೆತಾಯಿಗೆ, ದುಬಾರಿ ಔಷಧ ಈಗ ಬೇಡ, ಜ್ವರ ಬಂದರೆ ಅದೇ ದಿನ ತೋರಿಸಿರಿ, ಆರು ತಿಂಗಳಿಗೊಮ್ಮೆ ಬನ್ನಿರಿ ಎಂದೆವು. ತಂದೆಗೆ ಸಮಾಧಾನವಾಗಲಿಲ್ಲ, ಏನೂ ಕೊಡದ ವೈದ್ಯರು ಇವರೆಂಥವರು ಎಂದು ಅವರ ಮುಖವೇ ಹೇಳುತ್ತಿತ್ತು. ಆದರೂ ಬಂದರು, ಪ್ರತಿ ಸಲವೂ ಬಂದರು. ಒಂದೂವರೆ ವರ್ಷಕ್ಕೆ ಐಜಿಜಿ ಸ್ವಲ್ಪ ಏರಿತ್ತು. ಎರಡಕ್ಕೆ ಮತ್ತೆ ಅಷ್ಟೇ ನಿಂತು ನಮ್ಮನ್ನೂ ಚಿಂತೆಗೆ ಹಚ್ಚಿತು. ಮೂರು ವರ್ಷ ತುಂಬುವ ಹೊತ್ತಿಗೆ ವಯಸ್ಸಿನ ಅಳತೆಯನ್ನು ಮುಟ್ಟಿತು, ಸ್ಮೃತಿಕೋಶಗಳೂ ತುಂಬಿಕೊಂಡಿದ್ದವು. ಹೊಲ ಅವರ ಹೆಸರಿನಲ್ಲಿಯೇ ಇದೆ. ಈ ಸಲ ಅದರಲ್ಲಿ ಬಿಳಿಜೋಳ ನಿಂತಿದೆಯೆಂದು ಮೊನ್ನೆ ಫೋನಿನಲ್ಲಿ ಹೇಳಿದರು.

ಮುಖ್ಯಾಧ್ಯಾಪಕರು ನಮಗೆ ಒಂದು ಕೋಣೆಯನ್ನು ಬಿಟ್ಟುಕೊಟ್ಟಿದ್ದಾರೆ. ಊಟವಾದ ಮೇಲೆ ಸಂಜೆಯವರೆಗೆ ನಾವಿಬ್ಬರೂ ಅಲ್ಲಿರುತ್ತೇವೆ. ಸಂಶಯವಿದ್ದ ಪಾಲಕರು ಮಗುವನ್ನು ಕರೆದುಕೊಂಡು, ಲಸಿಕೆಯ ಕಾರ್ಡು ಮತ್ತು ಹಳೆಯ ವರದಿಗಳಿದ್ದರೆ ಅವನ್ನೂ ಹಿಡಿದುಕೊಂಡು ಬರಬೇಕು. ವರದಿಯ ಮೇಲೆ ಪರೀಕ್ಷೆ ಮಾಡಿದ ತಾರೀಖು ಕಾಣುವಂತಿರಲಿ. ಮಗುವಿನ ವಯಸ್ಸನ್ನು ಅಂದಿಗೆ ಲೆಕ್ಕ ಹಾಕಿ ನೋಡಬೇಕಾಗುತ್ತದೆ.